ನೀರು ಕೇಳಿ ಬಂದವರು

ಇಂಗ್ಲಿಷಿನಲ್ಲಿ ‘ಅಲ್ಟೀರಿಯರ್ಲಿ’ ಅಂತ ಒಂದು ಪದ ಇದೆ. ಇದೆ ಅಷ್ಟೇ, ಯಾರೂ ಬಳಸುವುದಿಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ, ಯಾವ ಪಠ್ಯದಲ್ಲೂ ಅದು ಎದುರಾಗಿಲ್ಲ, ಯಾವ ಹುಡುಗಿಯೂ ಎದ್ದು ನಿಂತು ಅದರ ಅರ್ಥ ಕೇಳಿಲ್ಲ. ಕೇಳದಿರುವುದೇ ವಾಸಿ. ಆ ಪದದ ಅರ್ಥ ಸರಿಯಾಗಿ ಹೇಳಬೇಕೆಂದರೆ ನಾನು ನಮ್ಮ ಅಕ್ಕನ ಸುದ್ದಿ ಹೇಳಬೇಕಾಗುತ್ತದೆ. ಅದು ತರಗತಿಯಲ್ಲಿ ಹೇಳುವಂಥದ್ದಲ್ಲ.

ನನಗೆ ಅದು ಸಿಕ್ಕಿದ್ದು ಕೊಟ್ಟೂರಿನ ಕಾಲೇಜಿನಲ್ಲಿ, ಬಿ.ಎ. ಎರಡನೇ ವರ್ಷದಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಇಂಗ್ಲಿಷ್ ಹೇಳುತ್ತಿದ್ದ ಸರ್ ಹರಪನಹಳ್ಳಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪಾಠಕ್ಕಿಂತ ಪದಗಳ ಮೇಲೆ ಅವರಿಗೆ ಪ್ರೀತಿ. ಒಂದು ದಿನ ಬೋರ್ಡಿನ ಮೇಲೆ ಈ ಪದ ಬರೆದು, ಇದರ ಮೂಲದಲ್ಲಿ ಇರುವ ಅರ್ಥ ‘ಆಚೆಗಿನದು’ ಅಂದರು. ಕಣ್ಣಿಗೆ ಕಾಣುವ ಕಾರಣ ಒಂದು, ಅದರ ಆಚೆಗೆ, ಕಾಣದ ಹಾಗೆ ಇಟ್ಟುಕೊಂಡ ಕಾರಣ ಇನ್ನೊಂದು. ಹಾಗೆ ಇಟ್ಟುಕೊಂಡು ಒಂದು ಕೆಲಸ ಮಾಡಿದರೆ ಅದು ಅಲ್ಟೀರಿಯರ್ಲಿ ಮಾಡಿದ ಕೆಲಸ. ‘ಆತ ಮುದುಕನ ಯೋಗಕ್ಷೇಮ ವಿಚಾರಿಸಿದ, ಆದರೆ ಅಲ್ಟೀರಿಯರ್ಲಿ’ ಅಂತ ಉದಾಹರಣೆ ಕೊಟ್ಟರು. ಮುದುಕನ ಹೊಲದ ಮೇಲೆ ಕಣ್ಣಿತ್ತು ಅಂತ ನಾವೇ ತಿಳಿದುಕೊಳ್ಳಬೇಕು.

‘ಪರೀಕ್ಷಿಯಾಗ ಇದನ್ನ ಬರೀಬ್ಯಾಡ್ರಿ ಮತ್ತ,’ ಅಂದರು. ‘ಪೇಪರ್ ನೋಡೋರು ತಪ್ಪು ಅಂತ ಗೀಟು ಎಳೀತಾರ. ಅಲ್ಟೀರಿಯರ್ ಮೋಟಿವ್ ಇಟ್ಕಂಡು ಅಂತ ಬರೀರಿ, ಅದು ಎಲ್ಲರಿಗೂ ಗೊತ್ತೈತಿ.’

‘ಕೆಟ್ಟ ಉದ್ದೇಶ ಇದ್ರ ಮಾತ್ರ ಹಿಂಗಂತಾರೇನ್ ಸರ್?’ ಅಂತ ನಾನೇ ಕೇಳಿದೆ.

‘ಬಹಳ ಸಲ ಕೆಟ್ಟದ್ದಾ ಇರತೈತಿ. ಆದ್ರ ಮುಚ್ಚಿಟ್ಟದ್ದೆಲ್ಲ ಕೆಟ್ಟದ್ದಾ ಆಗಬೇಕಂತ ಏನಿಲ್ಲವ್ವಾ,’ ಅಂದು ಬೋರ್ಡು ಒರೆಸಿಬಿಟ್ಟರು.

ನಿಘಂಟು ತೆಗೆದರೆ ಅದರಲ್ಲಿ ‘ದುರುದ್ದೇಶದಿಂದ’ ಅಂತ ಬರೆದಿತ್ತು. ನಿಘಂಟು ಬರೆದವರು ನಮ್ಮ ಕಡೆ ಬಂದವರಲ್ಲ. ನಮ್ಮಲ್ಲಿ ಅದಕ್ಕೆ ‘ಮನಸಿನಾಗೊಂದು ಇಟ್ಕಂಡು’ ಅನ್ನುತ್ತಾರೆ. ಆ ಒಂದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಹೇಳುವ ಒಂದು ಸಾಲಿಗೆ ಊರಿಗೊಂದು ಅರ್ಥ ಹಚ್ಚುವ ಸೀಮೆ ನಮ್ಮದು. ಮಳೆಯ ಮಾತೋ ರಾಜಕೀಯದ ಮಾತೋ ಅಂತ ವರ್ಷವಿಡೀ ಕಟ್ಟೆಯ ಮೇಲೆ ಜಗಳ. ಬಾಯಿಂದ ಬಂದ ಮಾತಿನಲ್ಲಿ ಬಾಯಿಂದ ಬಂದದ್ದಷ್ಟೇ ಇದೆ ಅಂತ ನಂಬಿದವನನ್ನು ನಮ್ಮಲ್ಲಿ ಪೆದ್ದ ಅನ್ನುತ್ತಾರೆ.

ಹೆಣ್ಣು ನೋಡುವುದೂ ನಮ್ಮಲ್ಲಿ ಹೀಗೇ. ಶಾಸ್ತ್ರಕ್ಕೆ ಅಂತ ಗಂಡಿನ ಕಡೆಯವರು ಎಲೆ ಅಡಿಕೆ ಹಿಡಿದು ಬರುವುದು ಆಮೇಲಿನ ಮಾತು. ಅದಕ್ಕೂ ಮೊದಲು ಇಬ್ಬರು ಹಿರಿಯರು ಏನೋ ಒಂದು ನೆಪ ಮಾಡಿಕೊಂಡು ಬರುತ್ತಾರೆ. ಬಿಸಿಲಿಗೆ ಬಾಯಾರಿತು, ನೀರು ಕೊಡ್ರಿ ಅನ್ನುತ್ತಾರೆ. ಹುಣಸೆಹಣ್ಣು ಮಾರಾಟಕ್ಕೆ ಐತೇನ್ರಿ ಅನ್ನುತ್ತಾರೆ. ನೀರು ತರುವ ಹುಡುಗಿಯನ್ನು ನೋಡುತ್ತಾರೆ, ಮನೆ ನೋಡುತ್ತಾರೆ, ಎದ್ದು ಹೋಗುತ್ತಾರೆ. ಇದನ್ನು ಮೋಸ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಹೇಳಿ ಬಂದು ನೋಡಿ ಬೇಡ ಅಂದರೆ ಹುಡುಗಿಗೆ ‘ನೋಡಿ ಬಿಟ್ಟಾಕಿ’ ಅಂತ ಹೆಸರು ಬೀಳುತ್ತದೆ. ಹೇಳದೆ ಬಂದರೆ ಏನೂ ಆಗಿಯೇ ಇಲ್ಲ, ನೀರು ಕುಡಿದು ಹೋದರು ಅಷ್ಟೇ. ಮುಚ್ಚಿಡುವುದೇ ಮರ್ಯಾದೆ.

ಅದಕ್ಕೆ ಅದರದೇ ನಡಾವಳಿ ಉಂಟು. ಯಾವ ಊರಾಯ್ತು ಅಂತ ಕೇಳಬಹುದು, ಯಾಕೆ ಬಂದಿರಿ ಅಂತ ಕೇಳಬಾರದು. ಮನಸ್ಸಿಗೆ ಬರದಿದ್ದರೆ ಬಂದವರು ನೀರಷ್ಟೇ ಕುಡಿದು ಎದ್ದುಬಿಡುತ್ತಾರೆ. ಮನಸ್ಸಿಗೆ ಬಂದರೆ ಕೊಟ್ಟದ್ದನ್ನು ತಿನ್ನುತ್ತಾರೆ. ಕೂತು ಊಟ ಮಾಡಿದರಂತೂ ಮುಗಿದೇ ಹೋಯಿತು, ಮುಂದಿನ ಮಾತು ಅವರೇ ಹೇಳಿ ಕಳಿಸಬೇಕು. ಹೆಣ್ಣಿನ ಕಡೆಯವರು ಬೆನ್ನು ಹತ್ತಿ ಹೋಗುವಂತಿಲ್ಲ.

ನಮ್ಮ ಅವ್ವ ಈ ವಿದ್ಯೆಯಲ್ಲಿ ಪಂಡಿತಳು. ಅಂಗಳಕ್ಕೆ ಯಾರು ಬಂದು ನಿಂತರೂ ಅವರ ಚಪ್ಪಲಿ ನೋಡಿ ಏಕೆ ಬಂದಿದ್ದಾರೆ ಅಂತ ಹೇಳುತ್ತಿದ್ದಳು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯ ಮೇಲೆ ನಮ್ಮೂರು, ರಸ್ತೆಗೆ ಹತ್ತಿಕೊಂಡೇ ನಮ್ಮ ಮನೆ, ಅದರ ಪಕ್ಕದಲ್ಲಿ ಅಪ್ಪನ ಕಿರಾಣಿ ಅಂಗಡಿ. ಬರುವವರಿಗೆ ಕೊರತೆ ಇರಲಿಲ್ಲ. ಆದರೆ ಬಂದವರು ನೀರಷ್ಟೇ ಕುಡಿದು ಹೋಗುತ್ತಿದ್ದರು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಬಲಗಾಲು ಸಣ್ಣಗಾಗಿತ್ತು. ನಡೆಯುವಾಗ ಕೈಯನ್ನು ತೊಡೆಯ ಮೇಲೆ ಒತ್ತಿ ಹೆಜ್ಜೆ ಇಡುತ್ತಿದ್ದಳು. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು, ಎಡಗಾಲಲ್ಲೇ ತುಳಿದು ಊರಿನ ಅರ್ಧ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಕೂತಾಗ ಅವಳಷ್ಟು ಚೆಂದದ ಹೆಣ್ಣು ನಮ್ಮ ಓಣಿಯಲ್ಲಿ ಇರಲಿಲ್ಲ. ನೀರಿನ ತಂಬಿಗೆ ತರಲು ಏಳಬೇಕಲ್ಲ, ಅಲ್ಲಿಗೆ ಬಂದವರ ಮುಖ ಬದಲಾಗುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ ಹಡಗಲಿ ಕಡೆಯಿಂದ ಒಂದು ಸಂಬಂಧ ಬಂತು. ನಲವತ್ತು ದಾಟಿದ ಗಂಡು, ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳು. ಇದಕ್ಕೆ ನೆಪ ಗಿಪ ಇರಲಿಲ್ಲ, ನೇರವಾಗಿ ಬಂದರು. ಎರಡನೇ ಮದುವೆಗೆ, ಅದರಲ್ಲೂ ಕಾಲು ಹೀಗಿರುವ ಹುಡುಗಿಗೆ, ಆ ಮರ್ಯಾದೆಯ ಖರ್ಚು ಯಾಕೆ ಅಂದುಕೊಂಡರೋ ಏನೋ. ಗಂಡಿನ ಅಕ್ಕ ಅನ್ನುವವಳು ಕೂತಲ್ಲಿಂದಲೇ, ‘ಒಂದೀಟು ಬಾಗಲತನ ನಡದು ತೋರ್ಸವ್ವ,’ ಅಂದಳು. ಅಕ್ಕ ನಡೆದು ತೋರಿಸಿದಳು. ‘ಹೊಳ್ಳಿ ಬಾ’ ಅಂದಳು. ಬಂದಳು. ‘ತುಂಬಿದ ಕೊಡ ಎತ್ತತಾಳೇನ್ರಿ?’ ಅಂತ ಅವ್ವನನ್ನು ಕೇಳಿದಳು. ಅವ್ವ ಕೊಡ ತರಿಸಿದಳು, ಅಕ್ಕ ಎತ್ತಿದಳು. ಗಂಡು ಅನ್ನುವವನು ನೆಲ ನೋಡುತ್ತ ಕೂತಿದ್ದ. ಆ ಹೆಂಗಸಿನ ಜಡೆ ಹಿಡಿದು ಅವಳನ್ನೇ ಬಾಗಿಲತನಕ ನಡೆಸಬೇಕು ಅನ್ನಿಸಿತ್ತು ನನಗೆ.

ಅವರು ಒಪ್ಪಿದರು. ಶ್ರಾವಣದೊಳಗೆ ನಿಮ್ಮ ಮಾತು ಹೇಳಿ ಅಂದರು. ಅಪ್ಪ ಅವ್ವ ಇಬ್ಬರೂ ಹೂಂ ಅನ್ನುವುದರಲ್ಲೇ ಇದ್ದರು. ‘ಇದೂ ಹೋದ್ರ?’ ಅನ್ನುವುದು ಅವ್ವನ ಒಂದೇ ಪ್ರಶ್ನೆ. ಅಕ್ಕನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ಬಾವಿಯ ಹತ್ತಿರ ಅವಳು ನನಗೆ, ‘ಆ ಮನಿಯಾಗ ನಾ ದಿನಾ ನಡದು ತೋರಿಸ್ಬೇಕು ನೋಡು,’ ಅಂದಳು. ಅಷ್ಟೇ. ಅಪ್ಪನ ಎದುರು ನಿಂತು ಒಲ್ಲೆ ಅನ್ನುವ ಹುಡುಗಿಯರು ಆಗ ನಮ್ಮ ಮನೆಗಳಲ್ಲಿ ಇರಲಿಲ್ಲ. ಓದಿದ್ದೇನೆ ಅಂತ ಮೆರೆಯುತ್ತಿದ್ದ ನನಗೂ ಬಾಯಿ ಬರಲಿಲ್ಲ.

ಅದೇ ತಿಂಗಳು, ನಡು ಮಧ್ಯಾಹ್ನ, ಗಂಡ ಹೆಂಡತಿ ಇಬ್ಬರು ನಮ್ಮ ಅಂಗಳಕ್ಕೆ ಬಂದರು. ವಯಸ್ಸಾದವರು, ಹಣೆ ತುಂಬ ವಿಭೂತಿ, ಕೈಯಲ್ಲಿ ಒಂದು ಬಟ್ಟೆಯ ಚೀಲ.

‘ಯವ್ವಾ, ಕುಡಿಯಾಕ ನೀರು ಕೊಡ್ರಿ. ಬಸ್ಸು ಕೆಟ್ಟು ನಿಂತೈತಿ,’ ಅಂದಳು ಆ ತಾಯಿ.

ಬಸ್ಸು ನಮ್ಮ ಮನೆಗೆ ಕಾಣುವಂತಿರಲಿಲ್ಲ, ಕೆರೆಯ ತಿರುವಿನ ಆಚೆಗೆ ನಿಂತಿತ್ತಂತೆ. ಅವ್ವ ಅವರನ್ನು ಒಳಗೆ ಕರೆದು ಚಾಪೆ ಹಾಸಿ, ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, ‘ಬಸ್ಸು ಕೆಟ್ಟೈತಂತ. ಹ್ವಾದ ವರ್ಷ ಬಂದೋರಿಗೆ ಹುಣಸಿಹಣ್ಣು ಬೇಕಾಗಿತ್ತು,’ ಅಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ನಾನೂ ಹೊಸದಾಗಿ ಕಲಿತ ಪದದ ಮದದಲ್ಲಿದ್ದೆ. ಅಕ್ಕನ ಹತ್ತಿರ ಹೋಗಿ, ‘ಅಲ್ಟೀರಿಯರ್ಲಿ ಬಂದಾರ’ ಅಂತ ಪಿಸುಗುಟ್ಟಿ ಅರ್ಥ ಹೇಳಿದೆ. ಅವಳು ನಕ್ಕಳು.

ಯಾವ ಊರು ಅಂದರೆ ಹರಪನಹಳ್ಳಿ ಕಡೆ, ತೆಲಿಗಿ ಹತ್ತಿರ ಅಂದರು. ಅಕ್ಕ ನೀರು ತಂದಳು. ಅವಳು ನಡೆದು ಬಂದದ್ದನ್ನು ಇಬ್ಬರೂ ನೋಡಿದರು, ಮುಖ ಬದಲಾಗಲಿಲ್ಲ. ಆ ತಾಯಿ ನೀರು ಕುಡಿದು, ಯಂತ್ರದ ಮೇಲಿದ್ದ ಕುಪ್ಪಸ ಎತ್ತಿ ಹೊಲಿಗೆ ನೋಡಿ, ‘ಎಷ್ಟು ಸಣ್ಣ ಹೊಲಿಗಿ ಹಾಕೀಯವ್ವ’ ಅಂದಳು. ಅವ್ವ ಊಟಕ್ಕೆ ಏಳಿ ಅಂದಳು. ಅವರು ಬ್ಯಾಡ ಬ್ಯಾಡ ಅನ್ನುತ್ತಲೇ ಎದ್ದರು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಎಲ್ಲಾ ಉಂಡರು. ಅವ್ವ ಅಷ್ಟರಲ್ಲಿ ಶಾವಿಗೆ ಪಾಯಸ ಕುದಿಸಿದ್ದಳು, ಅದನ್ನೂ ಉಂಡರು. ಕೈ ತೊಳೆಯಲು ಅಕ್ಕ ಆ ತಾಯಿಗೆ ಹಿತ್ತಲಲ್ಲಿ ನೀರು ಹಾಕಿದಳು. ಹೊರಡುವಾಗ ಅವ್ವ ಕುಂಕುಮ ಹಚ್ಚಿ ಉಡಿ ತುಂಬಿದಳು. ಆಕೆ ಅಕ್ಕನ ಗದ್ದ ಹಿಡಿದು, ‘ಬಂಗಾರದಂಥ ಮಗಳು ಅದಾಳ. ಈ ಕಡಿ ಬಂದ್ರ ಮತ್ತ ಬರ್ತೀವಿ ತಾಯಿ,’ ಅಂದು ಹೊರಟಳು.

ಅವರು ಮರೆಯಾದ ಕೂಡಲೇ ಅವ್ವ ಅಕ್ಕನನ್ನು ಹಿಡಿದು ಕೂರಿಸಿಕೊಂಡಳು. ‘ಹಿತ್ತಲದಾಗ ಏನಂದ್ಲು?’

ಅಕ್ಕ ಅವ್ವನ ಮುಖ ನೋಡಿದಳು. ಆಮೇಲೆ, ‘ನನ್ನ ವಯಸ್ಸು ಕೇಳಿದ್ಲು. ಅವ್ರಿಗೆ ಒಬ್ಬ ಮಗ ಅದಾನಂತ, ಹೊಲ ನೋಡ್ಕಂಡು ಅದಾನಂತ,’ ಅಂದಳು.

ಅವ್ವ ಎದ್ದು ದೇವರ ಮುಂದೆ ದೀಪ ಹಚ್ಚಿದಳು. ಸಂಜೆ ಅಪ್ಪ ಅಂಗಡಿಯಿಂದ ಬಂದು, ಬಸ್ಸು ನಿಜವಾಗಿಯೂ ಕೆಟ್ಟಿತ್ತು, ಎಲ್ಲರೂ ಚಹಾದ ಅಂಗಡಿಯ ಮುಂದೆ ಕೂತಿದ್ದರು ಅಂದ. ಅವ್ವನ ಹತ್ತಿರ ಉತ್ತರ ಸಿದ್ಧವಿತ್ತು. ‘ಬಸ್ಸು ಕೆಡ್ಲಿ ಬಿಡ್ರಿ. ದಾರ್ಯಾಗ ಬ್ಯಾರೆ ಮನಿ ಇರ್ಲಿಲ್ಲೇನು? ನಮ್ಮನಿಗೇ ಯಾಕ ಬಂದ್ರು?’

ಅಪ್ಪ, ತೆಲಿಗಿಗೆ ಹೋಗಿ ವಿಚಾರಿಸಿಕೊಂಡು ಬರಲೇ ಅಂತ ಕೇಳಿದ. ಬೆನ್ನು ಹತ್ತಬಾರದು ಅಂತ ಅವ್ವ ಗದರಿದಳು. ಅಕ್ಕನೂ, ‘ಬ್ಯಾಡಪ್ಪಾ, ಹೋಗಬ್ಯಾಡ,’ ಅಂದಳು. ನಾಚಿಕೊಂಡಳು ಅಂದುಕೊಂಡೆವು ನಾವು.

ಹಡಗಲಿಯವರಿಗೆ ಅವ್ವ ಬೇಡ ಅಂತ ಹೇಳಿ ಕಳಿಸಿದಳು. ತಿಂಗಳೊಪ್ಪತ್ತಿನಲ್ಲಿ ಅವರು ಬೇರೆ ಕಡೆ ಮಾಡಿಕೊಂಡರು. ಅಕ್ಕ ಆ ಸುದ್ದಿ ಕೇಳಿದ ದಿನ ಹಾಡುತ್ತ ಹೊಲಿಗೆ ಹಾಕಿದ್ದು ನನಗೆ ನೆನಪಿದೆ.

ತೆಲಿಗಿಯಿಂದ ಮಾತು ಬರಲಿಲ್ಲ. ಆಷಾಢ, ಅದಕ್ಕೆ ಬಂದಿಲ್ಲ ಅಂದಳು ಅವ್ವ. ಶ್ರಾವಣ ಬಂತು, ಬಿತ್ತನೆಯ ಗಡಿಬಿಡಿ ಇರಬೇಕು ಅಂದಳು. ದೀಪಾವಳಿ ಆಯಿತು, ಮನೆಯಲ್ಲಿ ಯಾರಾದರೂ ತೀರಿಕೊಂಡಿರಬೇಕು, ವರ್ಷ ಕಳೆಯಬೇಕಲ್ಲ ಅಂದಳು. ಮಾತು ಬರದಿದ್ದುದಕ್ಕೂ ಒಳಗಿನ ಅರ್ಥ ಹುಡುಕಬಲ್ಲವಳಿಗೆ ಕಾಯುವುದು ಕಷ್ಟವೇ ಅಲ್ಲ. ಹರಪನಹಳ್ಳಿ ಕಡೆಯ ಬಸ್ಸು ಬರುವ ಹೊತ್ತಿಗೆ ಅಂಗಳ ಗುಡಿಸುತ್ತಿದ್ದಳು. ‘ಬಸ್ಸಿನ ಹೊತ್ತಾತು, ತಲಿ ಬಾಚ್ಕ,’ ಅಂತ ಅಕ್ಕನಿಗೆ ಹೇಳುತ್ತಿದ್ದಳು. ಅಕ್ಕ ದಿನಾ ತಲೆ ಬಾಚಿಕೊಳ್ಳುತ್ತಿದ್ದಳು. ಊರಿನಲ್ಲೂ ಸುದ್ದಿ ಹಬ್ಬಿತು, ಆ ಹುಡುಗಿಗೆ ಹರಪನಹಳ್ಳಿ ಕಡೆ ಗೊತ್ತಾಗಿದೆಯಂತೆ ಅಂತ. ನೀರು ಕೇಳಿ ಬರುವವರೂ ನಿಂತುಹೋದರು.

ಮರುವರ್ಷವೋ ಅದರ ಮರುವರ್ಷವೋ, ಕೊಟ್ಟೂರಿನಿಂದ ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬ ಬರತೊಡಗಿದ. ನಮ್ಮವರ ಪೈಕಿಯೇ, ಕಪ್ಪಗೆ ಎತ್ತರಕ್ಕೆ ಇದ್ದ, ಮನೆಯಲ್ಲಿ ತಾಯಿ ಒಬ್ಬಳೇ. ಊರೂರು ತಿರುಗಿ ಯಂತ್ರಗಳಿಗೆ ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ ಹೋಗುತ್ತಿದ್ದ. ಅಕ್ಕ ಎಡಗಾಲಲ್ಲಿ ತುಳಿಯುವುದನ್ನು ನೋಡಿ, ಯಾರೂ ಹೇಳದೆ, ತುಳಿಯುವ ಹಲಗೆಯನ್ನು ಎಡಕ್ಕೆ ಸರಿಸಿ ಕೂರಿಸಿಕೊಟ್ಟ. ಅವನಿಗೆ ಅಕ್ಕ ತಾನೇ ಚಹಾ ಮಾಡಿ ಕೊಡುತ್ತಿದ್ದಳು. ಬೇರೆ ಯಾರಿಗೆ ಕೊಡಬೇಕಾದರೂ ನನ್ನ ಕೈಯಲ್ಲಿ ಕಳಿಸುವವಳು, ಅವನ ಎದುರು ತಾನೇ ನಡೆದು ಹೋಗುತ್ತಿದ್ದಳು.

ಒಂದು ದಿನ ಅವನು ಸ್ಕ್ರೂ ಬಿಗಿ ಮಾಡುತ್ತ ಮಾಡುತ್ತಲೇ ತಲೆ ಎತ್ತಿ, ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಹೇಳಿಬಿಟ್ಟ. ‘ನಿಮ್ಮ ದೊಡ್ಡ ಮಗಳನ್ನ ನನಗ ಕೊಡ್ರಿ ಯವ್ವ. ಚೊಲೋ ನೋಡ್ಕಂತೀನಿ.’

ನೆಪವಿಲ್ಲ, ಹಿರಿಯರಿಲ್ಲ, ಎಲೆ ಅಡಿಕೆ ಇಲ್ಲ. ಅವ್ವ ಬೆಚ್ಚಿಬಿದ್ದಳು. ಆಮೇಲೆ ಗಂಟಲು ಸರಿ ಮಾಡಿಕೊಂಡು, ‘ಆಕಿಗೆ ಹರಪನಹಳ್ಳಿ ಕಡಿ ಮಾತು ಆಗೇತಪ್ಪ. ಹುಡುಗಗ ಹೊಲ ಐತಿ,’ ಅಂದಳು.

‘ಹಂಗಾದ್ರ ತಪ್ಪಾತ್ರಿ. ನನಗ ಗೊತ್ತಿರ್ಲಿಲ್ಲ,’ ಅಂದ. ಉಳಿದ ಸ್ಕ್ರೂ ಬಿಗಿ ಮಾಡಿ, ಯಂತ್ರ ಒರೆಸಿ, ಚೀಲ ಎತ್ತಿಕೊಂಡು ಹೋದ. ಮತ್ತೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಅವನಿಗೆ ಮದುವೆ ಆಯಿತು ಅಂತ ಕೇಳಿದೆವು.

‘ಹಿಂಗ ಬಾಯಿಬಿಟ್ಟು ಕೇಳ್ತಾನಂದ್ರ ಒಳಗೇನೋ ಐತಿ. ಅಂಗಡಿ ಮ್ಯಾಲ ಕಣ್ಣಿಟ್ಟಾನ,’ ಅಂತ ಅವ್ವ ರಾತ್ರಿ ಊಟದ ಹೊತ್ತಿಗೆ ತೀರ್ಮಾನ ಕೊಟ್ಟಳು. ಅಕ್ಕ ತಲೆ ಎತ್ತದೆ ಉಣ್ಣುತ್ತಿದ್ದಳು. ನಿನಗೆ ಹೇಗನ್ನಿಸಿತು ಅಂತ ಆಮೇಲೆ ನಾನು ಕೇಳಿದರೆ, ‘ಅವ್ವ ಹೇಳ್ಯಾಳಲ್ಲ,’ ಅಂದಳು. ಮರುದಿನ ಯಾರದೋ ಕುಪ್ಪಸದ ತೋಳನ್ನು ಒಳಗು ಹೊರಗು ಮಾಡಿ ಹೊಲಿದಿದ್ದಳು. ಅವಳ ಕೈಯಿಂದ ಹಾಗಾದದ್ದನ್ನು ನಾನು ಕಂಡಿರಲಿಲ್ಲ.

ನನಗೆ ಬಿ.ಎಡ್. ಆಗಿ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸ ಸಿಕ್ಕಿತು, ಅಲ್ಲೇ ಮದುವೆಯೂ ಆಯಿತು. ದೊಡ್ಡವಳು ಇರುವಾಗ ಸಣ್ಣವಳದು ಮಾಡಿದಿರಿ ಅಂತ ಜನ ಅಂದರೆ, ದೊಡ್ಡವಳದು ಗೊತ್ತಾಗಿಯೇ ಇದೆಯಲ್ಲ ಅನ್ನುತ್ತಿದ್ದಳು ಅವ್ವ. ಕೊನೆ ಕೊನೆಗೆ ಅವ್ವನನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು. ಹಾಸಿಗೆ ಹಿಡಿದ ಮೇಲೂ ಬಸ್ಸಿನ ಸದ್ದಿಗೆ ಕಿವಿ ಕೊಡುತ್ತಿದ್ದಳು. ಅವರು ಬಂದರೆ ನನ್ನನ್ನು ಎಬ್ಬಿಸು ಅಂತ ಅಕ್ಕನಿಗೆ ಹೇಳಿ ಮಲಗುತ್ತಿದ್ದಳು. ಹಾಗೆಯೇ ಒಂದು ದಿನ ತೀರಿಕೊಂಡಳು.

ಅವಳು ಹೋದ ಮುಂದಿನ ಹುಣಸೆ ಸುಗ್ಗಿಗೆ ನಾನು ಊರಿಗೆ ಹೋಗಿದ್ದೆ. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂತು ನಾನೂ ಅಕ್ಕನೂ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದೆವು. ರಸ್ತೆಯಲ್ಲಿ ಹರಪನಹಳ್ಳಿಯ ಬಸ್ಸು ಹೋಯಿತು. ಅಕ್ಕನ ಕೈ ತಾನಾಗಿಯೇ ತಲೆಗೂದಲಿಗೆ ಹೋಯಿತು.

‘ಅವರ ಮನಿ ಹಾಳಾಗ,’ ಅಂದೆ. ‘ಹೊಟ್ಟಿ ತುಂಬ ಉಂಡು ಹ್ವಾದ್ರು. ಬ್ಯಾಡ ಅಂತ ಒಂದು ಮಾತು ಹೇಳಿ ಕಳಿಸಿದ್ರ ಅವರ ಗಂಟೇನು ಹೋಗ್ತಿತ್ತು?’

‘ಅವ್ರನ್ನ ಬೈಬ್ಯಾಡ,’ ಅಂದಳು ಅಕ್ಕ. ‘ಅವ್ರಿಗೆ ಗಂಡುಮಕ್ಕಳಾ ಇರ್ಲಿಲ್ಲ.’

ನಾನು ಕೈ ನಿಲ್ಲಿಸಿ ಅವಳ ಮುಖ ನೋಡಿದೆ.

‘ಕೈ ತೊಳಿಯುವಾಗ ಆ ಯವ್ವ ಹೇಳಿದ್ಲು. ಇರಾಕಿ ಒಬ್ಬಾಕಿ ಮಗಳಂತ. ಹೊಸಹಳ್ಳಿಗೆ ಕೊಟ್ಟಾರಂತ, ಹಡದಿದ್ಲಂತ. ಕೂಸು ನೋಡಾಕ ಹೊಂಟಿದ್ರು. ಬಸ್ಸು ಕೆಡ್ತು, ಬಾಯಿ ಆರಿತ್ತು, ನೀರಿಗೆ ಬಂದ್ರು. ಅಷ್ಟಾ. ನನ್ನ ವಯಸ್ಸೂ ಕೇಳ್ಲಿಲ್ಲ, ಏನೂ ಕೇಳ್ಲಿಲ್ಲ.’

‘ಮತ್ತ ನೀನು ಮಗ ಅದಾನ ಅಂದೆಲ್ಲ?’

‘ಅವ್ವ ಕೇಳುವಾಗ ಆಕಿ ಮಾರಿ ನೋಡಬೇಕಿತ್ತು ನೀನು. ಒಂದು ಮಾತು ಅಂದ್ರ ಹಡಗಲಿ ತಪ್ಪತೈತಿ ಅನ್ನಿಸ್ತು. ಅಂದೆ.’

ಇಡೀ ಮನೆ ಆ ದಿನ ಬಂದವರ ಮನಸ್ಸಿನಲ್ಲಿ ಏನಿದೆ ಅಂತ ಹುಡುಕುತ್ತಿತ್ತು. ಅವರ ಮನಸ್ಸಿನಲ್ಲಿ ನೀರು ಬಿಟ್ಟು ಬೇರೇನೂ ಇರಲಿಲ್ಲ. ಒಳಗೊಂದು ಇಟ್ಟುಕೊಂಡಿದ್ದವಳು ನಮ್ಮ ಪಕ್ಕದಲ್ಲೇ ಕೂತಿದ್ದಳು. ಚಪ್ಪಲಿ ನೋಡಿ ಮನಸ್ಸು ಹೇಳುವ ಅವ್ವನಿಗೂ, ಪದ ಕಲಿತು ಮೆರೆಯುತ್ತಿದ್ದ ನನಗೂ ಅವಳು ಕಾಣಲೇ ಇಲ್ಲ. ಮನೆಯ ಮಗಳ ಮನಸ್ಸಿನಲ್ಲೂ ಒಂದು ಇರಬಹುದು ಅಂತ ನಮಗೆ ಹೊಳೆದಿರಲಿಲ್ಲ. ಅದನ್ನು ದುರುದ್ದೇಶ ಅಂತ ಕರೆಯಲು ನನ್ನಿಂದ ಸಾಧ್ಯವಿಲ್ಲ.

‘ಹಡಗಲಿ ತಪ್ಪಿದ ಮ್ಯಾಲಾದ್ರೂ ಅವ್ವಗ ಹೇಳಬೌದಿತ್ತಲ್ಲ,’ ಅಂದೆ.

‘ಹೇಳ್ಬೇಕು ಅಂತಿದ್ದೆ. ಆಕಿ ದಿನಾ ಅಂಗಳ ಗುಡಿಸ್ತಿದ್ಲು. ಇವತ್ತು ಬ್ಯಾಡ, ನಾಳಿ ಹೇಳಿದ್ರಾತು ಅಂತ ಹಂಗಾ ಹೋತು.’ ಒಂದು ಹಣ್ಣು ಜಜ್ಜಿದಳು, ಬೀಜ ತೆಗೆದಳು. ‘ಕೊಟ್ಟೂರಿನಾತ ಕೇಳಿದ ದಿನ ನಾ ಇಲ್ಲೇ ಒಳಗ ನಿಂತಿದ್ದೆ. ನಾ ಕಟ್ಟಿದ ಮಾತನ್ನಾ ಅವ್ವ ಆತಗ ಹೇಳಿದ್ಲು. ಹುಡುಗಗ ಹೊಲ ಐತಿ ಅಂತನೂ ಹೇಳಿದ್ಲು. ಅದು ಸುಳ್ಳು ಅನ್ನಾಕ ಹೊರಗ ಬಂದ್ರ ಆತನ ಮುಂದ ಅವ್ವನ್ನ ಸುಳ್ಳಿ ಮಾಡಿದಂಗಾಗ್ತಿತ್ತು. ಕಾಲು ಏಳ್ಲಿಲ್ಲ.’

ನಾನು ಅವಳ ಕೈ ಹಿಡಿಯಲು ಹೋದೆ. ಹುಣಸೆಯ ಅಂಟು ಅಂತ ಬಿಡಿಸಿಕೊಂಡಳು.

‘ನಾ ಒಲ್ಲೆ ಅಂದಿದ್ದು ಹಡಗಲಿ ಅವ್ರನ್ನ,’ ಅಂದಳು. ‘ಮದುವೀನ ಒಲ್ಲೆ ಅಂದಿರ್ಲಿಲ್ಲ ನೋಡು ನಾನು.’